ಹಾಲಿನ ಹಣದ ಬಟವಾಡೆಗೆ ಕಂತು ಹೊಂದಿಸಿದ ನಮ್ಮ ಸಂಘ: ನನ್ನ ಅನುಭವ

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ನಮ್ಮೂರಿನ ಸ್ವಸಹಾಯ ಸಂಘದ ಲೆಕ್ಕವನ್ನು ನಾನು ಹನ್ನೊಂದು ವರ್ಷಗಳಿಂದ ಬರೆಯುತ್ತಿದ್ದೇನೆ. ಸಣ್ಣ ಸಾಲದಿಂದ ಬಡತನ ನೀಗುತ್ತದೆಯೇ ಎಂದು ಯಾರಾದರೂ ಕೇಳಿದರೆ, ಕಂತು ಯಾವ ದಿನ ಕಟ್ಟಬೇಕು ಎಂದು ನಾನು ಮೊದಲು ವಿಚಾರಿಸುತ್ತೇನೆ.

ಇದನ್ನು ನಾನು ಕಲಿತದ್ದು ನಮ್ಮ ಮನೆಯ ಸಾಲದಿಂದಲೇ. ಒಂದು ಮುಂಗಾರಿನಲ್ಲಿ ಬಿತ್ತನೆ ಆಲೂಗಡ್ಡೆಗೆಂದು ಖಾಸಗಿ ಕಂಪನಿಯೊಂದರಿಂದ 30,000 ರೂಪಾಯಿ ತಂದೆವು. ವಾರಕ್ಕೆ 700 ರೂಪಾಯಿಯಂತೆ 48 ಕಂತು, ಒಟ್ಟು 33,600. ಶೇ 12ರ ಬಡ್ಡಿ ಎಂದು ಹೇಳಿದ್ದರು. ಆದರೆ ಬಡ್ಡಿಯನ್ನು ತೀರದೆ ಉಳಿದ ಅಸಲಿನ ಮೇಲೆ ಹಾಕದೆ, ಮೊದಲ ದಿನದ ಇಡೀ ಮೊತ್ತದ ಮೇಲೆ ಹಾಕಿದ್ದರು. ಇಳಿಕೆ ಬಡ್ಡಿಯ ಲೆಕ್ಕದಲ್ಲಿ ಸುಮಾರು 1,700 ರೂಪಾಯಿ ಆಗಬೇಕಿದ್ದ ಬಡ್ಡಿ 3,600 ಆಗಿತ್ತೆಂಬುದು, ನಾನು ಒಂದು ರಾತ್ರಿ ಮಗಳ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಸಾಲುಸಾಲಾಗಿ ಬರೆದು ಕೂಡಿದಾಗಲೇ ತಿಳಿದದ್ದು. ಅದಕ್ಕಿಂತಲೂ ಹೊಡೆತ ಕೊಟ್ಟದ್ದು ಕಂತಿನ ವೇಳೆ. ಗಡ್ಡೆ ಕೈಗೆ ಬರಲು ತೊಂಬತ್ತು ದಿನ ಬೇಕು, ಕಂತು ಮಾತ್ರ ಮರುವಾರದಿಂದಲೇ ಶುರು. ಹನ್ನೆರಡು ಕಂತನ್ನು, ಅಂದರೆ 8,400 ರೂಪಾಯಿಯನ್ನು, ಕೂಲಿಗೆ ಹೋಗಿ, ಕಿವಿಯೋಲೆ ಗಿರವಿ ಇಟ್ಟು ಕಟ್ಟಿದೆವು. ಆ ವರ್ಷವೇ ಅಂಗಮಾರಿ ರೋಗ ಬಿದ್ದು ಅರ್ಧ ಹೊಲ ಕಪ್ಪಾಯಿತು.

ಬಳಿಕ ಸಂಘದ ಸಭೆಯಲ್ಲಿ ನಾನೇ ವಿಷಯ ಎತ್ತಿ, ಕಂತಿನ ನಿಯಮವನ್ನು ಬದಲಿಸಿದೆವು. ಹಸು ಕೊಳ್ಳಲು ಸಾಲ ಪಡೆದವರು ಡೇರಿಯಿಂದ ಹಾಲಿನ ಹಣದ ಬಟವಾಡೆ ಬಂದಾಗಲೆಲ್ಲ ಕಂತು ಕಟ್ಟುವುದು, ಗಬ್ಬದ ಹಸುವಿನ ಹಾಲು ಬತ್ತಿಸುವ ಎರಡು ತಿಂಗಳು ಬಡ್ಡಿಯನ್ನಷ್ಟೇ ಕೊಡುವುದು. ಬೆಳೆಗೆ ಪಡೆದವರು ಫಸಲು ಮಾರಿದ ಮೇಲೆ ಅಸಲು ತೀರಿಸುವುದು. ಸಂಘ ಬ್ಯಾಂಕಿನಿಂದ ಪಡೆದು ಸದಸ್ಯರಿಗೆ ಹಂಚಿದ ಸಾಲಕ್ಕೆ ಬ್ಯಾಂಕಿಗೆ ತಿಂಗಳು ತಿಂಗಳೂ ಹಣ ಹೋಗಲೇಬೇಕಾದ್ದರಿಂದ, ಬೆಳೆಯವರ ಪಾಲನ್ನು ಫಸಲಿನವರೆಗೆ ಹಾಲಿನವರ ಕಂತಿನಿಂದಲೂ ಉಳಿತಾಯದ ನಿಧಿಯಿಂದಲೂ ತೂಗಿಸುತ್ತೇವೆ. ಈ ಹೊಂದಾಣಿಕೆಗೆ ಪ್ರತಿ ವಾರ ಸಭೆ ಸೇರಿ ಲೆಕ್ಕ ಓದಲೇಬೇಕು. ಎರಡು ಸಭೆ ತಪ್ಪಿದ ಒಂದು ತಿಂಗಳು ನಾವು ಬ್ಯಾಂಕಿಗೆ ಸುಸ್ತಿದಾರರಾಗುವ ಹಂತಕ್ಕೆ ಹೋಗಿದ್ದೆವು.

ಇಷ್ಟರಿಂದ ಬಡತನ ಹೋಯಿತೆಂದು ನಾನು ಹೇಳಲಾರೆ. ಭಾರತವೂ ಸೇರಿದಂತೆ ಆರು ದೇಶಗಳಲ್ಲಿ ನಡೆದ ಅಧ್ಯಯನಗಳು 2015ರಲ್ಲಿ ಒಟ್ಟಿಗೆ ಪ್ರಕಟವಾದಾಗ, ಕಿರುಸಾಲದಿಂದ ಕುಟುಂಬಗಳ ಸರಾಸರಿ ಬದುಕು ಆಮೂಲಾಗ್ರವಾಗಿ ಬದಲಾಗುವುದಿಲ್ಲ ಎಂದೇ ಕಂಡುಬಂತು. ಹೈದರಾಬಾದಿನ ಅಧ್ಯಯನದಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಜೊತೆಗಾರರಿಗೆ ಬಾಳಿಕೆಯ ವಸ್ತುಗಳ ಖರೀದಿ ಹೆಚ್ಚಿದ್ದು ಕಂಡಿತೇ ಹೊರತು ಮನೆಯ ಒಟ್ಟು ಖರ್ಚು ಹೆಚ್ಚಿದ್ದು ಕಾಣಲಿಲ್ಲ. ನಮ್ಮ ಲೆಕ್ಕದ ಪುಸ್ತಕವೂ ಅದನ್ನೇ ಹೇಳುತ್ತದೆ: ಹಸು ಇದ್ದ ಮನೆ ಎರಡನೆಯ ಹಸು ಕಟ್ಟಿತು, ಕೂಲಿಯನ್ನೇ ನಂಬಿದ ಮನೆ ಔಷಧಿಗೆಂದು ಪಡೆದ ಸಾಲವನ್ನು ತೀರಿಸಲು ಮತ್ತೊಂದು ಸಾಲ ಕೇಳಿತು.

ಅಂಥ ಮನೆಯ ಒಬ್ಬ ಸದಸ್ಯೆ ಮೂರನೆಯ ಸಾಲಕ್ಕೆ ಅರ್ಜಿ ಕೊಟ್ಟಾಗ ನಾವು ಹಣ ಕೊಡಲಿಲ್ಲ. ಹಳೆಯ ಸಾಲದ ಬಡ್ಡಿ ನಿಲ್ಲಿಸಿ, ಉದ್ಯೋಗ ಖಾತ್ರಿಯಡಿ ಕೆಲಸ ಕೇಳುವ ಅರ್ಜಿಯಾದ ನಮೂನೆ 6 ತುಂಬಿಸಿ, ಅವರ ಜೊತೆಗೇ ಪಂಚಾಯಿತಿಗೆ ಹೋಗಿ ಸ್ವೀಕೃತಿ ಪಡೆದು ಬಂದೆವು.