ಜಾವಾದಲ್ಲಿ ಕನ್‌ಸ್ಟ್ರಕ್ಟರ್ ಮಗಂಗೆ ತಾನಾಗೇ ಬರಲ್ಲ

ಒಂದು ಕ್ಲಾಸನ್ನ (ಅಪ್ಪ) ಆಧಾರ ಮಾಡ್ಕೊಂಡು ಇನ್ನೊಂದು (ಮಗ) ಬರೆಯೋಕೆ ಎಕ್ಸ್‌ಟೆಂಡ್ಸ್ ಅಂತ ಹಾಕಿದ್ ಕೂಡ್ಲೇ ಅಪ್ಪನ ಕ್ಲಾಸಲ್ಲಿರೋದೆಲ್ಲ ಮಗಂಗೆ ಬಂದ್ಬಿಡುತ್ತೆ ಅನ್ಕೊಂಡು ನಾನೂ ಶುರುನಲ್ಲಿ ಒದ್ದಾಡಿದೀನಿ. ಮೆಥಡ್ ಬರುತ್ತೆ, ಕನ್‌ಸ್ಟ್ರಕ್ಟರ್ (ನ್ಯೂ ಅಂತ ಹೊಸ ಆಬ್ಜೆಕ್ಟ್ ಮಾಡುವಾಗ ಓಡೋ ಕೋಡ್) ಬರಲ್ಲ.

ಬಿಲ್ ಅಂತ ಒಂದು ಕ್ಲಾಸ್ ಬರೀರಿ, ಅದಕ್ಕೆ ನಂಬರ್ ತಗೊಳ್ಳೋ ಒಂದೇ ಒಂದು ಕನ್‌ಸ್ಟ್ರಕ್ಟರ್ ಇಡಿ. ಈಗ ಹೋಟೆಲ್‌ಬಿಲ್ ಅಂತ ಮಾಡಿ ಅದನ್ನ ಎಕ್ಸ್‌ಟೆಂಡ್ ಮಾಡಿ, ಒಳಗೆ ಏನೂ ಬರೀಬೇಡಿ. ಕಂಪೈಲ್ ಆಗಲ್ಲ. ಯಾಕಪ್ಪಾ ಅಂದ್ರೆ ನೀವು ಕನ್‌ಸ್ಟ್ರಕ್ಟರ್ ಬರೀದಿದ್ರೆ ಕಂಪೈಲರೇ ಒಂದು ಹಾಕ್ಕೊಳುತ್ತೆ, ಅದರಲ್ಲಿರೋದು ಒಂದೇ ಸಾಲು, ಸೂಪರ್(), ಅಂದ್ರೆ ಅಪ್ಪನ ಕನ್‌ಸ್ಟ್ರಕ್ಟರ್ ಕರೆಯೋದು, ಬ್ರಾಕೆಟ್ ಖಾಲಿ. ಬಿಲ್‌ನಲ್ಲೋ ಖಾಲಿ ಬ್ರಾಕೆಟ್ಟಿಂದು ಇಲ್ವೇ ಇಲ್ಲ, ನೀವೊಂದು ಬರೆದ ತಕ್ಷಣ ಅದಕ್ಕೆ ಪುಕ್ಸಟ್ಟೆ ಸಿಗೋ ಡಿಫಾಲ್ಟ್ ಹೋಯ್ತು. ಎರರ್ ತೋರ್ಸೋದು ಮಾತ್ರ ಹೋಟೆಲ್‌ಬಿಲ್ ಮೇಲೆ, ಏನೂ ಬರೀದಿರೋ ಕ್ಲಾಸಲ್ಲಿ ತಪ್ಪೆಲ್ಲಿ ಅಂತ ಹುಡುಕ್ತಾ ಕೂರ್ಬೇಕು.

ಹೋಟೆಲ್‌ಬಿಲ್‌ಗೂ ನಂಬರ್ ತಗೊಳ್ಳೋ ಕನ್‌ಸ್ಟ್ರಕ್ಟರ್ ಬರೆದು ಮೊದಲನೇ ಸಾಲಲ್ಲೇ ಸೂಪರ್(ನಂಬರ್); ಅಂತ ಹಾಕಿ, ಅಷ್ಟೇ. (ಜಾವಾ 25ರಲ್ಲಿ ಅದಕ್ಕೂ ಮುಂಚೆ ನಂಬರ್ ಸರಿ ಇದೆಯಾ ಅಂತ ಚೆಕ್ ಮಾಡೋ ಸಾಲು ಹಾಕ್ಬೋದು.) ಬಿಲ್‌ಗೇ ಒಂದು ಖಾಲಿ ಕನ್‌ಸ್ಟ್ರಕ್ಟರ್ ತುರುಕಿ ಎರರ್ ಓಡಿಸೋರೂ ಇದಾರೆ, ನಂಗಿಷ್ಟ ಇಲ್ಲ, ನಂಬರೇ ಇಲ್ದಿರೋ ಬಿಲ್ ಹುಟ್ಕೊಳುತ್ತೆ.

ಇದಕ್ಕಾದ್ರೂ ಕಂಪೈಲರ್ ಕೂಗುತ್ತೆ, ಮುಂದಿಂದಕ್ಕೆ ಅದೂ ಇಲ್ಲ. ಬಿಲ್‌ನ ಕನ್‌ಸ್ಟ್ರಕ್ಟರ್ ಒಳಗಿಂದ ಪ್ರಿಂಟ್() ಕರೀತೀರ, ಹೋಟೆಲ್‌ಬಿಲ್ ಅದನ್ನ ಓವರ್‌ರೈಡ್ ಮಾಡಿ (ಅದೇ ಹೆಸರಲ್ಲಿ ತನ್ನದೇ ಮೆಥಡ್ ಬರೆದು) ತನ್ನ ಟ್ಯಾಕ್ಸ್ ತೋರ್ಸುತ್ತೆ, ಮೇಲೆ ಇಂಟ್ ಟ್ಯಾಕ್ಸ್ = 5; ಅಂತ ಬರೆದಿದೀರ. ರನ್ ಮಾಡಿ ನೋಡಿ, 0 ಬರುತ್ತೆ. ಮೊದ್ಲು ಎಲ್ಲಾ ಫೀಲ್ಡಿಗೂ (ಟ್ಯಾಕ್ಸ್ ಥರ ಕ್ಲಾಸಲ್ಲಿರೋ ವೇರಿಯಬಲ್) 0, ನಲ್, ಫಾಲ್ಸ್ ಕೂರುತ್ತೆ, ಆಮೇಲೆ ಅಪ್ಪನ ಕನ್‌ಸ್ಟ್ರಕ್ಟರ್ ಪೂರ್ತಿ ಮುಗೀಬೇಕು, ಆಮೇಲಷ್ಟೇ ಮಗನ ಫೀಲ್ಡುಗಳಿಗೆ ನೀವು ಕೊಟ್ಟ ಬೆಲೆ ಮೇಲಿಂದ ಕೆಳಕ್ಕೆ ತುಂಬೋದು, ಸೂಪರ್ ಆದ್ಮೇಲಿನ ಸಾಲುಗಳು ಕೊನೇಲಿ. ಪ್ರಿಂಟ್ ಓಡೋ ಹೊತ್ತಿಗೆ ಆ 5 ಇನ್ನೂ ಬಂದೇ ಇರಲ್ಲ. ನಾನು ಇದಕ್ಕೆ ಅರ್ಧ ದಿನ ಕಳ್ಕೊಂಡಿದೀನಿ, ಡೀಬಗರ್ ನಿಲ್ಸಿದ್ದು ನ್ಯೂ ಆದ್ಮೇಲಿನ ಸಾಲಲ್ಲಿ, ಅಲ್ಲಿ 5 ಅಂತ್ಲೇ ಕಾಣ್ತಿತ್ತು.

ಟ್ಯಾಕ್ಸ್‌ಗೆ ಫೈನಲ್ (ಬೆಲೆ ಮತ್ತೆ ಬದಲಾಗಲ್ಲ ಅನ್ನೋದು) ಹಾಕಿದ್ರೆ 5 ಬಂದ್ಬಿಡುತ್ತೆ, ಮೋಸಹೋಗ್ಬೇಡಿ, ಕಂಪೈಲರ್ ಆ 5ನ್ನ ಪ್ರಿಂಟ್ ಒಳಗೇ ಅಂಟಿಸಿರುತ್ತೆ. ಅದೇ ಟ್ಯಾಕ್ಸ್‌ನ ಸೂಪರ್ ಆದ್ಮೇಲೆ ಕನ್‌ಸ್ಟ್ರಕ್ಟರಲ್ಲಿ ತುಂಬಿ, ಮತ್ತೆ 0. ಕನ್‌ಸ್ಟ್ರಕ್ಟರ್ ಒಳಗಿಂದ ಪ್ರೈವೇಟ್ ಇಲ್ಲಾ ಫೈನಲ್ ಮೆಥಡ್ ಮಾತ್ರ ಕರೀರಿ, ಅವನ್ನ ಮಗ ಓವರ್‌ರೈಡ್ ಮಾಡೋಕಾಗಲ್ಲ, ಪ್ರಿಂಟ್‌ನ ನ್ಯೂ ಮಾಡಿದ್ಮೇಲೆ ಹೊರಗಿಂದ ಕರ್ಕೊಳ್ಳಿ.