ಅರ್ಧ ಅಂಕಕ್ಕಾಗಿ ಆನೆ ಆಡಿಸಿದ್ದು

ಮೈಸೂರಿನಲ್ಲಿ ನಡೆದ ಮಹಿಳೆಯರ ಚೆಸ್ ಟೂರ್ನಿಯಲ್ಲಿ ನನ್ನೆದುರು ಕೂತಿದ್ದು ಮಂಡ್ಯದ ಹುಡುಗಿ. ನನಗಿಂತ ರೇಟಿಂಗ್ ಜಾಸ್ತಿ, ಬಿಳಿಕಾಯಿ ಅವಳದ್ದು. ಆಟದ ನಡುಭಾಗದಲ್ಲೆಲ್ಲ ಒತ್ತುತ್ತಲೇ ಇದ್ದಳು. ಬೇಕಂತಲೇ ಒಂದು ಪಾನ್, ಅಂದರೆ ಕಾಲಾಳು, ಬಿಟ್ಟುಕೊಟ್ಟೆ. ಆ ನೆಪದಲ್ಲಿ ಮಂತ್ರಿ, ಕುದುರೆ, ಮಿಕ್ಕ ಪಾನ್‌ಗಳೆಲ್ಲ ಬೋರ್ಡಿನಿಂದ ಇಳಿದವು. ಕೊನೆಗೆ ಇಬ್ಬರಿಗೂ ಒಂದೊಂದು ಆನೆ, ಅವಳಿಗೆ ಮಾತ್ರ ಇ5ರಲ್ಲಿ (ಇ ಕಂಬದ ಐದನೇ ಮನೆ) ಒಂದು ಪಾನ್.

ಕುದುರೆಯನ್ನು 64 ಮನೆಗೂ ಸುತ್ತಿಸುವ ಲೆಕ್ಕ ಕಟ್ಟಿದ ಮುಮ್ಮಡಿ ಕೃಷ್ಣರಾಜ ಒಡೆಯರ ಊರಿನವರು ನಾವು. ಕುದುರೆ ಅಂದ್ರೆ ಪ್ರಾಣ. ಆದರೆ ಸೋಲುವ ಆಟ ಉಳಿಸಿಕೊಡುವುದು ಜಾಸ್ತಿ ಸಲ ಆನೆಯೇ.

ಈ ಸ್ಥಿತಿಗೆ 18ನೇ ಶತಮಾನದ ಫ್ರೆಂಚ್ ಆಟಗಾರ ಫಿಲಿಡೋರ್ ಹೆಸರಿದೆ. ಆತ ಆಪೆರಾಗಳಿಗೆ ಸಂಗೀತವನ್ನೂ ಬರೆಯುತ್ತಿದ್ದ! ನನ್ನ ರಾಜ ಇ8ರಲ್ಲಿ, ಅಂದರೆ ಪಾನ್ ಮಂತ್ರಿಯಾಗಬೇಕಾದ ಮನೆಯಲ್ಲೇ ಕೂರಬೇಕು. ಆನೆ ಆರನೇ ಸಾಲು ಬಿಡಬಾರದು. ಆಗ ಅವಳ ರಾಜ ಆ ಸಾಲಿಗೆ ಕಾಲಿಡುವ ಹಾಗಿಲ್ಲ. ಬಿ6, ಎ6, ಮತ್ತೆ ಬಿ6 ಅಂತ ಆನೆಯನ್ನು ಅತ್ತಿತ್ತ ಆಡಿಸುತ್ತಾ ಕೂತೆ. ನೋಡುವವರಿಗೆ ಬೇಜಾರು, ನಿಜ.

ಅವಳಿಗೂ ಬೇಜಾರಾಗಿರಬೇಕು. ಇ6ಕ್ಕೆ ಪಾನ್ ತಳ್ಳಿದಳು. ನಾನು ಕಾಯುತ್ತಿದ್ದುದು ಇದಕ್ಕೇ. ಆನೆ ತಕ್ಷಣ ಬಿ1ಕ್ಕೆ ಇಳಿಯಿತು. ಇನ್ನು ಹಿಂದಿನಿಂದ ಚೆಕ್ ಮೇಲೆ ಚೆಕ್. ಅವಳ ರಾಜ ಅಡಗಬೇಕಿದ್ದ ಇ6ರಲ್ಲಿ ಅವಳದೇ ಪಾನ್ ಕೂತಿದೆ, ಇನ್ನೆಲ್ಲಿಗೆ ಹೋಗುತ್ತೆ? ಪಾನ್ ಮುಂದೆ ಬರುವ ಮೊದಲೇ ಆನೆ ಇಳಿದರೆ ಅವಳ ರಾಜ ಇ6ಕ್ಕೆ ನುಗ್ಗುತ್ತದೆ, ಆಮೇಲೆ ಕಷ್ಟ.

ಅದೇ ಸ್ಥಿತಿ, ಅವಳದೇ ಸರದಿ, ಮೂರನೇ ಸಲ ಬರುವುದರಲ್ಲಿತ್ತು. ಹಾಗೆ ಬಂದರೆ ಡ್ರಾ ಕೇಳಬಹುದು. ಇಲ್ಲಿ ಸುಮಾರು ಜನ ಎಡವುತ್ತಾರೆ. ಕಾಯಿ ಆಡಿಬಿಟ್ಟು ಆಮೇಲೆ ಕೈ ಎತ್ತಿದರೆ ಆ ನಡೆಯಲ್ಲಿ ಕೇಳುವ ಹಕ್ಕು ಹೋಯ್ತು. ನಾನು ಕಾಯಿ ಮುಟ್ಟಲಿಲ್ಲ. ನಡೆಯನ್ನು ಶೀಟಿನಲ್ಲಿ ಬರೆದೆ, ಗಡಿಯಾರ ನಿಲ್ಲಿಸಿದೆ, ಆರ್ಬಿಟರನ್ನು (ತೀರ್ಪುಗಾರರನ್ನು) ಕರೆದೆ. ಅವರು ಶೀಟ್ ನೋಡಿ ಒಪ್ಪಿದರು. ಇಬ್ಬರಿಗೂ ಅರ್ಧರ್ಧ ಅಂಕ.

ಹೊರಗೆ ಬಂದ ಮೇಲೆ ಕೇಳಿದಳು, "ಅಕ್ಕಾ, ಇ6 ತಳ್ಳದೇ ಇದ್ದಿದ್ರೆ ಗೆಲ್ತಿದ್ದೆ ಅಲ್ವಾ?"

"ಇಲ್ಲ ಕಣಮ್ಮ. ಪಾನ್ ಆಡದೆ, ಕಾಯಿ ಹೊಡೆಯದೆ ಇಬ್ಬರೂ 50 ನಡೆ ಕಳೆದರೆ ಆಗಲೂ ಡ್ರಾ ಕೇಳಬಹುದು. ನಾನು ಆರನೇ ಸಾಲಲ್ಲೇ ಓಡಾಡ್ಕೊಂಡು ಇರ್ತಿದ್ದೆ."

ಅವಳು ನಂಬಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕಾಯಿ ಜೋಡಿಸಿದೆವು, ಈ ಸಲ ಪಾನ್ ನನ್ನ ಕಡೆಗೆ. ಏನು ಮಾಡಿದರೂ ಗೆಲ್ಲೋಕೆ ನನ್ನಿಂದಲೂ ಆಗಲಿಲ್ಲ.