ದಾರದ ಕೋನ್ ಎರಡಾಗಿ ಕಂಡಾಗ

ಬಳ್ಳಾರಿಯಲ್ಲಿ ಸ್ಕ್ಯಾನ್ ಓದಿ ರಿಪೋರ್ಟ್ ಬರೆಯುವುದು ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ ಕೌಲ್ ಬಜಾರ್ ಕಡೆಯ ಜೀನ್ಸ್ ಟೈಲರ್ ಒಬ್ಬರ ಮೆದುಳಿನ ಎಂಆರ್‌ಐ ಬಂತು. ಚೀಟಿಯಲ್ಲಿ 'ತಲೆನೋವು, ಎರಡೆರಡು ಕಾಣುತ್ತದೆ' ಅಂತ ಇತ್ತು. ಗಡ್ಡೆ ಇಲ್ಲ, ಸ್ಟ್ರೋಕ್ ಇಲ್ಲ. ನಾರ್ಮಲ್ ಅಂತ ಬರೆದು ಸಹಿ ಹಾಕಿದೆ.

ಎರಡು ತಿಂಗಳ ನಂತರ ಕಣ್ಣಿನ ಡಾಕ್ಟರ್ ಅವರನ್ನು ಮತ್ತೆ ಕಳಿಸಿದರು. ಕಣ್ಣುಗುಡ್ಡೆ ಮುಂದೆ ಬಂದಿತ್ತು. ರೆಪ್ಪೆ ಮೇಲೆ ಸರಿದು ಬಿಳಿ ಭಾಗ ಜಾಸ್ತಿ ಕಾಣುತ್ತಿತ್ತು. ಮೊದಲ ಸಲ ನಾನು ಅವರ ಮುಖವನ್ನೇ ನೋಡಿರಲಿಲ್ಲ. ಯಾವಾಗ ಎರಡು ಕಾಣುತ್ತದೆ ಅಂತ ಕೇಳಿದೆ.

"ಹೊಲಿಯಾಕ ತೊಂದ್ರಿ ಇಲ್ಲ ಸಾರ್. ಕಣ್ಣು ಎತ್ತಿ ದಾರದ ಕೋನ್ ನೋಡಿದ್ರೆ ಒಂದರ ಮ್ಯಾಲೊಂದು ಕಾಣ್ತಾವ್ರಿ. ಬೆಳಿಗ್ಗೆ ಜಾಸ್ತಿ."

ಕಾಯಿಲೆ ಆ ಮಾತಿನಲ್ಲೇ ಇತ್ತು: ಥೈರಾಯ್ಡ್ ಕಣ್ಣು. ಥೈರಾಯ್ಡ್ ಮೇಲೆ ತಿರುಗಿಬೀಳುವ ದೇಹದ ರಕ್ಷಣಾ ಪಡೆ ಕಣ್ಣಿನ ಹಿಂದಿನ ಕೊಬ್ಬು, ಸ್ನಾಯುಗಳನ್ನೂ ಬಿಡುವುದಿಲ್ಲ. ಸಾಮಾನ್ಯವಾಗಿ ಮೊದಲು ಊದುವುದು ಕಣ್ಣಿನ ಕೆಳಗಿನ ಸ್ನಾಯು, ಆಮೇಲೆ ಮೂಗಿನ ಪಕ್ಕದ್ದು. ಕೆಳಗಿನದು ಬಿಗಿದರೆ ಕಣ್ಣು ಮೇಲೆ ಹೋಗಲ್ಲ. ಹಳೆಯ ಸ್ಕ್ಯಾನ್ ತೆಗೆದು ನೋಡಿದೆ. ಕೆಳಗಿನ ಸ್ಲೈಸ್‌ನಲ್ಲಿ ಆ ಸ್ನಾಯು ದಪ್ಪಗೆ ಕೂತಿತ್ತು. ನಾನು ಮೆದುಳು ಮಾತ್ರ ನೋಡಿದ್ದೆ. ತಪ್ಪಾಗಿದೆ ಅಂತ ಅವರಿಗೆ ಹೇಳಿದೆ. ಹೇಳಲೇಬೇಕಿತ್ತು.

ಅಂದಿನಿಂದ ಎರಡೆರಡು ಕಾಣುತ್ತದೆ ಅಂದವರಿಗೆ ಕಣ್ಣಿನ ಗೂಡಿನದೂ ತೆಗೆಸುತ್ತೇನೆ. ಹಣೆಗೆ ಸಮಾನಾಂತರವಾಗಿ, 3 ಮಿಲಿಮೀಟರ್ ಸ್ಲೈಸ್, ಕೊಬ್ಬಿನ ಹೊಳಪನ್ನು ಅಡಗಿಸುವ ಸ್ಟಿರ್ ಚಿತ್ರದಲ್ಲಿ. ಕೊಬ್ಬು ಬೆಳ್ಳಗಿದ್ದರೆ ಸ್ನಾಯುವಿನ ಊತ ಅದರಲ್ಲೇ ಮರೆಯಾಗುತ್ತದೆ. ಅದನ್ನು ಕಪ್ಪು ಮಾಡಿದರೆ ನೀರು ತುಂಬಿದ ಸ್ನಾಯು ಹೊಳೆಯುತ್ತದೆ. ಹೊಳೆದರೆ ಕಾಯಿಲೆ ಇನ್ನೂ ಉರಿಯುತ್ತಿದೆ, ಸ್ಟೆರಾಯ್ಡ್ ಕೆಲಸ ಮಾಡುವ ಸಾಧ್ಯತೆ ಹೆಚ್ಚು. ದಪ್ಪಗಿದ್ದೂ ಕಪ್ಪಗಿದ್ದರೆ ಗಾಯ ಮಾಗಿ ನಾರಾಗಿರಬಹುದು. ಸ್ನಾಯುವಿನ ಹೊಟ್ಟೆ ಉಬ್ಬಿ, ತುದಿ ತೆಳ್ಳಗೇ ಉಳಿದಿರುವುದು ಥೈರಾಯ್ಡ್ ಕಣ್ಣಿನ ಗುರುತು.

ನಾನು ಹೆಚ್ಚು ಹೊತ್ತು ನಿಲ್ಲುವುದು ಗೂಡಿನ ಹಿಂತುದಿಯಲ್ಲಿ. ಅಲ್ಲಿ ಜಾಗ ಕಿರಿದು. ಊದಿದ ಸ್ನಾಯುಗಳ ನಡುವೆ ದೃಷ್ಟಿನರ ಸಿಕ್ಕಿಕೊಂಡರೆ ಕೆಂಪು ಬಣ್ಣ ಮಂಕಾಗುತ್ತದೆ, ದೃಷ್ಟಿಯೇ ಹೋಗಬಹುದು. ಹಾಗೆ ಕಂಡ ದಿನ ರಿಪೋರ್ಟ್ ಟೈಪ್ ಆಗೋವರೆಗೂ ಕಾಯಲ್ಲ, ಡಾಕ್ಟರ್‌ಗೆ ಫೋನ್ ಮಾಡುತ್ತೇನೆ. ಈ ಟೈಲರ್‌ಗೆ ನರ ಸಿಕ್ಕಿಕೊಂಡಿರಲಿಲ್ಲ.

ಅವರ ಮಗ ಮೊಬೈಲ್ ತೋರಿಸಿ, "ಇದರಿಂದ ಮೆದುಳೂ ಬದಲಾಗ್ತದಂತಲ್ಲ ಸಾರ್?" ಅಂದ. ಓದಿಕೊಂಡು ಉತ್ತರ ಹೇಳಿದೆ. ಸುಮ್ನೆ ಮಲಗಿಸಿ, ಮೆದುಳಿನ ಯಾವ ಭಾಗ ಎಷ್ಟು ಚುರುಕಾಗಿದೆ ಅಂತ ನೋಡುವ ಎಂಆರ್‌ಐ ಇದೆ. ಥೈರಾಯ್ಡ್ ಕಣ್ಣಿನವರಲ್ಲಿ, ನೋಟವನ್ನು ಅರ್ಥ ಮಾಡಿಕೊಳ್ಳುವ ತಲೆಯ ಹಿಂಭಾಗದಲ್ಲಿ ವ್ಯತ್ಯಾಸ ಕಂಡಿದೆ. ಎರಡು ಕಣ್ಣು ಬೇರೆಬೇರೆ ಚಿತ್ರ ಕಳಿಸಿದರೆ ಜೋಡಿಸಬೇಕಾದದ್ದು ಮೆದುಳೇ ಅಲ್ವಾ? ಆದರೆ ಇದು ಒಂದು ಗುಂಪಿನ ಸರಾಸರಿಯನ್ನು ಇನ್ನೊಂದು ಗುಂಪಿನದರ ಪಕ್ಕ ಇಟ್ಟಾಗ ಕಾಣುವುದು. ಒಬ್ಬರ ಸ್ಕ್ಯಾನ್ ನೋಡಿ ಹೇಳೋಕೆ ಆಗಲ್ಲ, ಆದ್ದರಿಂದ ರಿಪೋರ್ಟ್‌ನಲ್ಲಿ ಬರೆಯಲ್ಲ. 'ಮೆದುಳಿಗೆ ಏನೂ ಆಗಿಲ್ಲ' ಅನ್ನುವುದನ್ನೂ ಬಿಟ್ಟಿದ್ದೇನೆ. 'ಈ ಸ್ಕ್ಯಾನ್‌ನಲ್ಲಿ ತೊಂದರೆ ಕಂಡಿಲ್ಲ' ಅನ್ನುತ್ತೇನೆ.

ಅವರಿಗೆ ವಾರಕ್ಕೊಮ್ಮೆ ಮೀಥೈಲ್‌ಪ್ರೆಡ್ನಿಸೊಲೋನ್ ಅನ್ನುವ ಸ್ಟೆರಾಯ್ಡ್ ಡ್ರಿಪ್ ಹಾಕಿದರು. 6 ವಾರ 500 ಮಿಲಿಗ್ರಾಂ, ಆಮೇಲೆ 6 ವಾರ 250. ಬೀಡಿ ಬಿಡಿಸಲು ನಾವೆಲ್ಲ ಹಟ ಹಿಡಿದೆವು. ಹೊಗೆ ಈ ಕಾಯಿಲೆಯನ್ನು ಕೆರಳಿಸುತ್ತದೆ, ಔಷಧಿಯ ಗುಣವನ್ನೂ ತಗ್ಗಿಸುತ್ತದೆ.

ಮುಂದಿನ ಸ್ಕ್ಯಾನ್‌ನಲ್ಲಿ ಹೊಳಪು ಇಳಿದಿತ್ತು. ಸ್ನಾಯು ಮಾತ್ರ ಇನ್ನೂ ದಪ್ಪ. ಮೇಲೆ ನೋಡಿದರೆ ಈಗಲೂ ಎರಡು ಕಾಣುತ್ತದೆ. ಕಾಯಿಲೆ ಆರು ತಿಂಗಳಾದರೂ ಶಾಂತವಾಗಿರಲಿ, ಆಮೇಲೆ ಆಪರೇಷನ್ ಯೋಚಿಸೋಣ ಅಂದಿದ್ದಾರೆ ಕಣ್ಣಿನ ಡಾಕ್ಟರ್. ಅಲ್ಲಿವರೆಗೆ ಅವರು ಕೋನ್ ಸ್ಟ್ಯಾಂಡ್ ಅನ್ನು ಮಷಿನ್ ಪಕ್ಕ, ಕಣ್ಣಿನ ಮಟ್ಟಕ್ಕಿಂತ ಕೆಳಗೆ ಇಟ್ಟುಕೊಂಡಿದ್ದಾರೆ.